ಮೇಲಿನ ರಸ್ತೆಯವರಿಗೆ ಇದ್ದ ದಾರಿ

ಆ ಊರಿನಲ್ಲಿ ಎರಡೇ ರಸ್ತೆ. ಒಂದು ದಿಬ್ಬದ ನೆತ್ತಿಯ ಮೇಲೆ, ಇನ್ನೊಂದು ದಿಬ್ಬದ ಬುಡದಲ್ಲಿ, ನೀರಿಗೆ ಒತ್ತಿಕೊಂಡು. ನಡುವೆ ಜೇಡಿಮಣ್ಣಿನ ಕಡಿದಾದ ಇಳಿಜಾರು. ಅದರ ತುಂಬ ಬ್ಲ್ಯಾಕ್‌ಬೆರಿ ಮುಳ್ಳು, ಕೆಂಪು ತೊಗಟೆ ಸುಲಿದುಕೊಂಡು ನಿಂತ ಮಡ್ರೋನಾ ಮರಗಳು. ಸಿಯಾಟಲ್ ಬಿಟ್ಟು ದಕ್ಷಿಣಕ್ಕೆ ಬಂದು, ಕೆಂಟ್ ಕಣಿವೆಯ ಗೋದಾಮುಗಳ ಕಡೆಯಿಂದ ಪಶ್ಚಿಮಕ್ಕೆ ಗುಡ್ಡ ಹತ್ತಿದರೆ ಸಿಗುವ ಊರು. ಅಂಗಡಿ ಒಂದೂ ಇಲ್ಲ. ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ.

ಕೆಳಗಿನ ರಸ್ತೆಯಲ್ಲಿ ಹನ್ನೊಂದು ಮನೆ, ಮೇಲೆ ಮೂವತ್ತನಾಲ್ಕು. ಕೆಳಗಿನ ಹನ್ನೊಂದರಲ್ಲಿ ಚಳಿಗಾಲದಲ್ಲಿ ದೀಪ ಕಾಣುತ್ತಿದ್ದುದು ಐದರಲ್ಲಿ ಮಾತ್ರ. ಉಳಿದವರು ಬೇಸಿಗೆಗೆ ದೋಣಿಯ ಜೊತೆ ಬರುವವರು. ಮೇಲಿನವರದು ಪಾಳಿಯ ಬದುಕು. ವಿಮಾನಕ್ಕೆ ಸಾಮಾನು ಹೇರುವ ಸಮೋವಾದವರು, ಆಸ್ಪತ್ರೆಯಲ್ಲಿ ದುಡಿಯುವ ಫಿಲಿಪೀನ್ಸ್‌ನ ಹೆಂಗಸರು, ಒಂದೇ ಮನೆಯಲ್ಲಿ ಮೂರು ತಲೆಮಾರು, ಅಂಗಳದಲ್ಲಿ ನಾಲ್ಕು ಕಾರು. 2011ರಲ್ಲಿ ನಾವು ಅಲ್ಲಿಗೆ ಹೋದಾಗ ಭಾರತದವರು ನಾವಿಬ್ಬರೇ. ನನ್ನವರಿಗೆ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ನನಗೆ ವಾರಕ್ಕೆ ಮೂರು ದಿನ ಟಕ್ವಿಲಾದ ಮಾಲಿನಲ್ಲಿ ಬಟ್ಟೆ ಮಡಚುವ ಕೆಲಸ. ಉಳಿದ ನಾಲ್ಕು ದಿನ ನನಗೆ ಸಮುದ್ರ.

ಕುಂದಾಪುರದ ಕಡೆಯವಳಾದ ನನಗೆ ಕಡಲತೀರಕ್ಕೊಬ್ಬ ಒಡೆಯ ಇರುತ್ತಾನೆಂಬುದೇ ಗೊತ್ತಿರಲಿಲ್ಲ. ಇಲ್ಲಿ ನೀರಿಳಿದಾಗ ಕಾಣುವ ಮರಳೂ ಕೆಳಗಿನ ಮನೆಗಳ ಆಸ್ತಿ. ಕಾಗದದಲ್ಲಿ ಹಾಗೇ ಇದೆಯಂತೆ. ಮೇಲಿನವರು ನೀರು ಮುಟ್ಟಬೇಕೆಂದರೆ ಮೂರು ಮೈಲಿಯಾಚೆಯ ಪಾರ್ಕಿಗೆ ಹೋಗಬೇಕು, ಬದಿಯಲ್ಲಿ ಕಾಲಿಡಲೂ ಜಾಗವಿಲ್ಲದ ರಸ್ತೆಯಲ್ಲಿ. ಆದರೂ ನಾವೆಲ್ಲ ದಿನವೂ ಇಳಿಯುತ್ತಿದ್ದೆವು. ಕೆಳಗಿನ ರಸ್ತೆಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದ ಮುದುಕಿಯ ಜಾಗ ನೀರಿನಿಂದ ಹಿಡಿದು ಮೇಲಿನ ರಸ್ತೆಯವರೆಗೆ ಚಾಚಿಕೊಂಡಿತ್ತು, ಅದರಲ್ಲೊಂದು ಮರದ ಮೆಟ್ಟಿಲಿತ್ತು. ತೊಂಬತ್ತೊಂದು ಮೆಟ್ಟಿಲು. ಯಾರು ಬೇಕಾದರೂ ಇಳಿಯಿರಿ, ನನ್ನ ಗುಲಾಬಿ ಮಾತ್ರ ಮುಟ್ಟಬೇಡಿ ಎನ್ನುತ್ತಿದ್ದರು.

ಆ ಮೆಟ್ಟಿಲು ಗಟ್ಟಿಯಾಗಿದ್ದುದು ನಮ್ಮ ಪಕ್ಕದ ಮನೆಯವನಿಂದ. ಉಕ್ರೇನಿನಿಂದ ಬಂದ ಬಡಗಿ, ಹೆಂಡತಿಯನ್ನು ಕಳೆದುಕೊಂಡವನು. ಭಾರೀ ಆಳು. ಪ್ರತಿ ವಸಂತದಲ್ಲಿ ಕೊಳೆತ ಹಲಗೆಗಳನ್ನು ಕಿತ್ತು ತನ್ನದೇ ಮರದಿಂದ ಹೊಸದು ಹೊಡೆಯುತ್ತಿದ್ದ. ಬೆಳಿಗ್ಗೆ ಒಂದು ಟವಲು ಸುತ್ತಿಕೊಂಡು ಇಳಿದು, ಹಿಮ ಬಿದ್ದ ದಿನವೂ ಕುತ್ತಿಗೆಯವರೆಗೆ ಮುಳುಗಿ ಬರುತ್ತಿದ್ದ. ಹೆಂಡತಿ ಹೋದ ಮೇಲೆ ಶುರುವಾದ ಅಭ್ಯಾಸ. ಅದಿಲ್ಲದೆ ದಿನ ಸಾಗುವುದಿಲ್ಲ ಎಂದು ಒಮ್ಮೆ ಹೇಳಿದ್ದ. ನಾನು ನೀರಿಳಿಯುವ ಹೊತ್ತನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ಆ ಹೊತ್ತಿಗೆ ಸರಿಯಾಗಿ ಇಳಿದು, ಮರಳಿನ ಮೇಲೆ ಒಂದು ಗಂಟೆ ನಡೆಯುತ್ತಿದ್ದೆ.

ನಮ್ಮ ಮೂರನೆಯ ಬೇಸಿಗೆಯೋ ನಾಲ್ಕನೆಯದೋ, ಮುದುಕಿ ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಜಾಗದ ನಕ್ಷೆ ಹರಡಿತ್ತು.

"ನಾನು ಸತ್ತ ಮೇಲೆ ಇದನ್ನು ಯಾರು ಕೊಳ್ಳುತ್ತಾರೋ ಗೊತ್ತಿಲ್ಲ. ಈ ದಾರಿ ಮೇಲಿನ ರಸ್ತೆಯವರದು ಅಂತ ವಕೀಲನ ಹತ್ತಿರ ಬರೆಸಿಬಿಡಲೇ? ನಿಮ್ಮೆಲ್ಲರ ಪರವಾಗಿ ನೀನು ಸಹಿ ಹಾಕ್ತೀಯಾ?"

ನನಗೆ ಕೇಳಿಸಿದ್ದು 'ಸತ್ತ ಮೇಲೆ' ಎಂಬುದೊಂದೇ. ನಮ್ಮಲ್ಲಾದರೆ ಹಾಗೆಂದವರ ಬಾಯಿಗೆ ಕೈ ಅಡ್ಡ ಹಿಡಿದು ಬಿಡ್ತು ಅನ್ನಿ ಎನ್ನುತ್ತೇವೆ.

"ಛೆ, ಛೆ, ಬೇಡ. ನೀವಿರುವಾಗ ಕಾಗದ ಯಾಕೆ? ನಿಮಗೆ ಯಾಕೆ ಅಷ್ಟು ತೊಂದರೆ?" ಎಂದೆ.

ನಮ್ಮಲ್ಲಾದರೆ ಆ ಬೇಡಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಇನ್ನೊಮ್ಮೆ ಕೇಳುತ್ತಾರೆ, ಮತ್ತೊಮ್ಮೆ ಕೇಳುತ್ತಾರೆ, ಆಮೇಲೆ ಗದರಿಸಿ ಕೈಗಿಡುತ್ತಾರೆ. ಆಕೆ ನನ್ನ ಮುಖ ನೋಡಿದರು. "ಸರಿ, ನಿನಗೆ ಬೇಡವಾದರೆ ಬೇಡ" ಎಂದು ನಕ್ಷೆ ಮಡಚಿದರು. ಮುಂದೆಂದೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಾನು ಬಹಳ ಮರ್ಯಾದೆಯಿಂದ ನಡೆದುಕೊಂಡೆ ಎಂದುಕೊಂಡು ಮೆಟ್ಟಿಲು ಹತ್ತಿದ್ದೆ.

ಅವರು ಬಿದ್ದು ಸೊಂಟ ಮುರಿದುಕೊಂಡು, ವೃದ್ಧರ ವಸತಿಗೆ ಹೋಗಿ, ಅಲ್ಲೇ ತೀರಿಕೊಂಡರು. ದೂರದ ಸೋದರಳಿಯನೊಬ್ಬ ಮನೆ ಮಾರಲು ಹೊರಟ. ಕನ್ನಡ ಸಂಘದ ಯುಗಾದಿ ಊಟದಲ್ಲಿ, ಸ್ನೊಕ್ವಾಲ್ಮಿಯ ಗುಡ್ಡದ ಮೇಲಿನ ಬಡಾವಣೆಯಲ್ಲಿದ್ದ ಬೆಂಗಳೂರಿನ ಗಂಡಹೆಂಡತಿ ನೀರಿನ ಹತ್ತಿರ ಮನೆ ಹುಡುಕುತ್ತಿದ್ದೇವೆ ಎಂದರು. ಇಬ್ಬರೂ ಸಾಫ್ಟ್‌ವೇರಿನವರು. ಒಂದಿದೆ ಎಂದು ಹೇಳಿದವಳು ನಾನೇ. ನಮ್ಮವರು ಬಂದರೆ ದಾರಿಗೆ ತೊಂದರೆಯಿಲ್ಲ ಎಂಬ ಲೆಕ್ಕಾಚಾರ.

ಅವರು ಬಂದ ಎರಡನೆಯ ತಿಂಗಳು ಮೆಟ್ಟಿಲಿನ ತಲೆಯಲ್ಲಿ ಕಬ್ಬಿಣದ ಗೇಟು ಬಂತು, ಒತ್ತುವ ಅಂಕಿಗಳ ಬೀಗದ ಜೊತೆ. ಬಡಗಿ ಟವಲು ಸುತ್ತಿಕೊಂಡೇ ಅದರ ಮುಂದೆ ನಿಂತಿದ್ದನ್ನು ನಾನು ಕಿಟಕಿಯಿಂದ ಕಂಡೆ. ಅವನು ವಕೀಲರೊಬ್ಬರನ್ನು ಕೇಳಿ ಬಂದ. ಕಾನೂನೂ ನಮ್ಮನ್ನು ನಗೆಪಾಟಲು ಮಾಡಿತ್ತು. ಮುದುಕಿ ನಮ್ಮನ್ನು ಅಟ್ಟಿದ್ದರೆ, ಆದರೂ ನಾವು ಹಟಕ್ಕೆ ಬಿದ್ದು ವರ್ಷಗಟ್ಟಲೆ ಅಲ್ಲೇ ನಡೆದಿದ್ದರೆ ನಮಗೊಂದು ಹಕ್ಕು ಹುಟ್ಟುತ್ತಿತ್ತಂತೆ. ಪ್ರೀತಿಯಿಂದ ಬಿಟ್ಟದ್ದರಿಂದ ಏನೂ ಹುಟ್ಟಲಿಲ್ಲ.

"ಬರಹದಲ್ಲಿ ಏನಾದರೂ ಇದ್ದಿದ್ದರೆ ಸಾಕಿತ್ತಂತೆ. ಒಂದು ಸಾಲು!" ಎಂದ ಬಡಗಿ.

ಮುದುಕಿಯ ನಕ್ಷೆಯ ವಿಷಯವನ್ನು ಮನೆಗೆ ಬಂದು ನನ್ನವರಿಗೆ ಮಾತ್ರ ಹೇಳಿದೆ.

"ಅವ್ರಾಗೇ ಕೊಡ್ತೆ ಅಂದ್ರೂ ಬ್ಯಾಡ ಅಂದ್ಯಾ? ಎಂತ ಹೇಳೂದ್ ನಿಂಗೆ ಮಾರಾಯ್ತಿ!" ಎಂದು ಅವರು ಟಿವಿಯ ಸದ್ದು ಹೆಚ್ಚಿಸಿದರು.

ಮೇಲಿನ ರಸ್ತೆಯವರು ನನ್ನನ್ನೇ ಕಳಿಸಿದರು. "ನಿಮ್ಮ ಭಾಷೆಯವರಲ್ಲವೇ? ಹೋಗಿ ಬನ್ನಿ, ರಾಯಭಾರಿ" ಎಂದು ಬಡಗಿ ಸೊಂಟ ಬಗ್ಗಿಸಿ ನಮಸ್ಕರಿಸಿದ. ಎಲ್ಲರೂ ನಕ್ಕರು. ನಾನು ಕಾರಿನಲ್ಲಿ ಸುತ್ತು ಬಳಸಿ ಕೆಳಗಿನ ರಸ್ತೆಗೆ ಇಳಿದೆ.

"ಅಯ್ಯೋ ಬನ್ನಿ ಆಂಟಿ! ಶೂಸ್ ಅಲ್ಲೇ ಬಿಡಿ. ಕಾಫಿ ಮಾಡ್ತೀನಿ" ಎಂದಳು ಹೆಂಡತಿ.

"ಬೇಡಮ್ಮ, ಈಗಷ್ಟೇ ಆಯ್ತು."

"ಅದೆಲ್ಲ ನಡಿಯಲ್ಲ. ಅರ್ಧ ಕಪ್."

"ಬೇಡ, ನಿಜವಾಗ್ಲೂ."

"ಫಿಲ್ಟರ್ ಕಾಫಿ ಆಂಟಿ, ಬೇಡ ಅಂದ್ರೆ ನಂಗೆ ಬೇಜಾರಾಗುತ್ತೆ ನೋಡಿ."

ಲೋಟ ಕೈಗೆ ಬಂತು. ಅಷ್ಟರಲ್ಲಿ ಅವರ ಮಗಳು ಬಾಗಿಲಲ್ಲಿ ಇಣುಕಿ, "ಮಾಮ್, ಈಸ್ ಶೀ ದ ಸ್ಟೇರ್ಸ್ ಲೇಡಿ?" ಎಂದು ಕೇಳಿ ಓಡಿದಳು. ತಾಯಿ ನಾಲಿಗೆ ಕಚ್ಚಿಕೊಂಡಳು. ಈ ಮನೆಯಲ್ಲಿ ನನಗೊಂದು ಹೆಸರು ಆಗಲೇ ಬಿದ್ದಿತ್ತು.

ನಾನು ಬಂದ ವಿಷಯ ಹೇಳಿದೆ. ಗಂಡ ಸೌಮ್ಯವಾಗಿಯೇ ಮಾತಾಡಿದ. "ಆಂಟಿ, ಇನ್ಶೂರೆನ್ಸ್‌ನವ್ರು ಒಪ್ಪಲ್ಲ. ನಾಳೆ ಯಾರಾದ್ರೂ ಜಾರಿ ಬಿದ್ರೆ ನಮ್ ಮೇಲೆ ಕೇಸ್ ಹಾಕ್ತಾರೆ. ಆಮೇಲೆ ಪ್ರೈವೆಸಿ ಅಂತ ಒಂದಿರುತ್ತಲ್ವಾ? ಬೆಳಗ್ಗೆ ಡೆಕ್ ಮೇಲೆ ಕೂತು ತಿಂಡಿ ತಿನ್ನೋಣ ಅಂದ್ರೆ ಆ ದಪ್ಪ ಮನುಷ್ಯ ಟವಲ್ ಸುತ್ಕೊಂಡು ಎದುರಿಗೇ ಹೋಗ್ತಾ ಇರ್ತಾನೆ. ಮಗಳು ಇರ್ತಾಳೆ."

"ಅವನೇ ಆ ಮೆಟ್ಟಿಲು ರಿಪೇರಿ ಮಾಡೋದು."

"ನಾವು ಕಾಂಟ್ರಾಕ್ಟರ್‌ನ ಕರೆಸ್ತೀವಿ ಆಂಟಿ. ಪರ್ಮಿಟ್ ಎಲ್ಲ ತಗೊಂಡು ಸರಿಯಾಗಿ ಮಾಡಿಸ್ತೀವಿ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಅದೇ ನನಗೆ ಸಿಟ್ಟು. ಕಾಫಿ ಮುಗಿಸಿ ಎದ್ದೆ. ಹೆಂಡತಿ ಕಾರಿನವರೆಗೆ ಬಂದು ದನಿ ತಗ್ಗಿಸಿದಳು.

"ಆಂಟಿ, ನೀವು ನಮ್ಮೋರು. ನಿಮಗೆ ಕೋಡ್ ಕೊಡ್ತೀನಿ. ನಾವು ಆಫೀಸಿಗೆ ಹೋದ್ಮೇಲೆ ಆರಾಮಾಗಿ ವಾಕ್ ಮಾಡ್ಕೊಂಡು ಬನ್ನಿ. ಮೇಲಿನೋರಿಗೆ ಮಾತ್ರ ಹೇಳ್ಬೇಡಿ, ಪ್ಲೀಸ್."

ನಾಲ್ಕು ಅಂಕಿ. "ಆಯ್ತಮ್ಮ" ಎಂದೆ.

ಮೇಲೆ ಬಡಗಿ ಅಂಚೆ ಡಬ್ಬಿಯ ಹತ್ತಿರ ಕಾಯುತ್ತಿದ್ದ. "ಏನಂದರು?"

"ಆಗೋದಿಲ್ಲವಂತೆ. ಇನ್ಶೂರೆನ್ಸ್." ಅದು ಸುಳ್ಳಲ್ಲ.

ಎರಡು ವಾರ ತಡೆದುಕೊಂಡೆ. ಮೂರನೆಯ ವಾರ ಒಂದು ಮಂಗಳವಾರ, ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಂಕಿ ಒತ್ತಿದೆ. ನೀರು ದೂರಕ್ಕೆ ಹೋಗಿತ್ತು. ಮರಳಿನ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಕೊಕ್ಕರೆಯದು ಮಾತ್ರ. ಮೊದಲಾದರೆ ಮಕ್ಕಳು ಏಡಿ ಹಿಡಿದು ಕೂಗುತ್ತಿದ್ದರು, ಫಿಲಿಪೀನ್ಸ್‌ನ ಅಜ್ಜಿಯರು ಬಂಡೆಯ ಮೇಲೆ ಕೂತು ಹರಟುತ್ತಿದ್ದರು. ಅಷ್ಟು ಖಾಲಿ ತೀರ ನನಗೆ ಹಿಡಿಸಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ, ಆದರೆ ಹಿಡಿಸಿದ್ದು ನಿಜ. ಮರುದಿನ ಮತ್ತೆ ಹೋದೆ, ಅದರ ಮರುದಿನವೂ.

ದಿಬ್ಬದ ಮೇಲಿನ ಮೂವತ್ತನಾಲ್ಕು ಮನೆಗಳ ಹಿಂದಿನ ಕಿಟಕಿಗಳೆಲ್ಲ ಆ ಮರಳಿನ ಕಡೆಗೇ ಇವೆ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಹೊಳೆದರೂ ಇಳಿಯುತ್ತಿದ್ದೆ.

"ಆ ಮೆಟ್ಲ್ ಮಾಡಿದ್ದೇ ಅಂವ. ಅವ್ನಿಗ್ ಹೇಳುಕೆ ಎಂತ ಧಾಡಿ ನಿಂಗೆ?" ಎಂದು ನನ್ನವರು ಕೇಳಿದರು.

"ಹೇಳ್ರೆ ಅವ್ರ್ ಕೋಡ್ ಬದ್ಲ್ ಮಾಡ್ತ್ರ್. ಮತ್ತೆ ಯಾರಿಗೂ ಇಲ್ಲ."

"ಈಗ ಯಾರಿಗಿತ್ತ್? ನಿಂಗೊಬ್ಳಿಗೆ."

ಆ ಶನಿವಾರ ಬಡಗಿ ನಮ್ಮ ಬಾಗಿಲು ತಟ್ಟಿದ. ಬೆಳಗಿನ ಸ್ನಾನ ತಪ್ಪಿದ ಮೇಲೆ ಮುಖ ಊದಿಕೊಂಡು, ಗಡ್ಡ ಬೆಳೆದು, ಒಂದೆರಡು ವರ್ಷ ಹೆಚ್ಚು ವಯಸ್ಸಾದವನಂತೆ ಕಾಣುತ್ತಿದ್ದ. ಒಳಗೆ ಬಾ ಎಂದೆ. ಬರಲಿಲ್ಲ. ಬೈಯುತ್ತಾನೆ ಎಂದುಕೊಂಡು ಬಾಗಿಲ ಚೌಕಟ್ಟು ಹಿಡಿದು ನಿಂತೆ, ಉತ್ತರಗಳನ್ನೂ ಕಟ್ಟಿಟ್ಟುಕೊಂಡಿದ್ದೆ.

"ಕೆಳಗಿಂದ ಎಣಿಸಿದರೆ ಹನ್ನೆರಡನೆಯ ಮೆಟ್ಟಿಲು" ಎಂದ. "ಅದರ ಹಲಗೆ ಎಡಗಡೆ ಕೊಳೆತಿದೆ. ಈ ವಸಂತದಲ್ಲಿ ಬದಲಿಸಬೇಕಿತ್ತು, ಅಷ್ಟರಲ್ಲಿ ಗೇಟು ಬಂತು. ಅದರ ಮೇಲೆ ಭಾರ ಹಾಕಬೇಡಿ."

ನಾಲ್ಕು ಅಂಕಿಗಳೂ ಬಾಯಲ್ಲೇ ಇದ್ದವು. "ಥ್ಯಾಂಕ್ಸ್" ಎಂದೆ.

ಅವನು ತಲೆಯಾಡಿಸಿ ಹೋದ. ಮರುದಿನ ಭಾನುವಾರ, ಕೆಳಗಿನ ಮನೆಯವರು ಇರುತ್ತಾರೆಂದು ಹೋಗಲಿಲ್ಲ. ಸೋಮವಾರ ನೀರಿಳಿಯುವುದು ಹನ್ನೊಂದೂ ಮುಕ್ಕಾಲಿಗೆ ಎಂದು ಕ್ಯಾಲೆಂಡರಿನಲ್ಲಿತ್ತು. ಹನ್ನೊಂದೂವರೆಗೆ ಇಳಿದೆ. ಪಕ್ಕದ ಕಟಕಟೆ ಗಟ್ಟಿಯಾಗಿ ಹಿಡಿದು, ಹದಿಮೂರನೆಯ ಮೆಟ್ಟಿಲಿನಿಂದ ನೇರವಾಗಿ ಹನ್ನೊಂದನೆಯದಕ್ಕೆ ಕಾಲಿಟ್ಟೆ.