ಹಲ್ಲು ಡಾಕ್ಟರ ಬ್ರಿಟಿಷ್ ಕಾರು

ಹಲ್ಲು ಡಾಕ್ಟರು ನಿವೃತ್ತರಾದರೂ ಕೀಳುವುದನ್ನು ಬಿಟ್ಟಿಲ್ಲ. ಈಗ ಕೀಳುವುದು ತಮ್ಮದರಂಥ ಹಳೆಯ ಬ್ರಿಟಿಷ್ ಐಷಾರಾಮಿ ಕಾರುಗಳನ್ನು ಇಂದಿನ ಕಣ್ಣಿನಿಂದ ಅಳೆಯುವ ವಿಮರ್ಶಕರ ಹಲ್ಲನ್ನು. ಬೆಳಗಿನ ಕಾಫಿ ಆರುವಷ್ಟರಲ್ಲಿ ಮೊಬೈಲಿನಲ್ಲಿ ಒಬ್ಬನಾದರೂ ಸಿಕ್ಕಿಬಿದ್ದಿರುತ್ತಾನೆ. ‘ಪೆಟ್ರೋಲ್ ಕುಡಿಯುತ್ತದೆ’ ಎಂದು ಬರೆದವನಿಗೆ, “ದೂರದ ಪ್ರಯಾಣಕ್ಕೇ ಹುಟ್ಟಿದ್ದು ಸ್ವಾಮಿ, ಬಾಯಾರಿಕೆ ಆಗಲ್ವಾ?” ಎಂಬ ಉತ್ತರ ಹೋಗುತ್ತದೆ. ‘ಹಿಂದಿನ ಸೀಟಿನಲ್ಲಿ ಕಾಲಿಡಲು ಜಾಗವಿಲ್ಲ’ ಎಂದವನಿಗೆ, “ಅದಿರೋದು ನೆಂಟರನ್ನ ಕೂರಿಸೋಕಲ್ಲ, ಅವರಿಂದ ತಪ್ಪಿಸ್ಕೊಳ್ಳೋಕೆ.” ‘ಎಣ್ಣೆ ಸೋರುತ್ತದೆ’ ಎಂದವನಿಗಂತೂ, “ಇದಕ್ಕೆ ಐವತ್ತು ದಾಟಿದೆ. ಆ ವಯಸ್ಸಿಗೆ ನೀವು ಸೋರಲ್ಲ ಅಂತ ಬರೆದುಕೊಡ್ತೀರಾ?” ಇಷ್ಟು ವರ್ಷಗಳಲ್ಲಿ ಕಾರಿನ ಒಂದೇ ಒಂದು ಕೊರತೆಯನ್ನೂ ಒಪ್ಪದಿರುವುದೇ ಅವರ ದೊಡ್ಡ ಹೆಮ್ಮೆ. ಆದರೆ ಮಂಡಿ ಕೈಕೊಟ್ಟು ಕ್ಲಚ್ ಒತ್ತಲಾಗದೆ ಹೋದಾಗಿನಿಂದ ಡಾಕ್ಟರದು ಪಕ್ಕದ ಸೀಟು. ಓಡಿಸುವವರು ಅವರ ಹೆಂಡತಿ. ಕಳೆದ ಭಾನುವಾರ ಸವಾರಿ ಮುಗಿಸಿ ಬಂದು ಆಕೆ ಭುಜಕ್ಕೆ ಮುಲಾಮು ತಿಕ್ಕಿಕೊಳ್ಳುತ್ತಿದ್ದಾಗ, ‘ಸ್ಟೀರಿಂಗ್ ರುಬ್ಬುವ ಕಲ್ಲಿನಷ್ಟು ಭಾರ’ ಎಂದು ಬರೆದ ಹೊಸ ವಿಮರ್ಶಕನೊಬ್ಬ ಡಾಕ್ಟರ ಕಣ್ಣಿಗೆ ಬಿದ್ದ. ಡಾಕ್ಟರು ತೋಳೇರಿಸಿ ಸಿದ್ಧರಾದರು. “ಇವತ್ತು ಯಾರ ಗ್ರಹಚಾರ? ಬೇಗ ಬಯ್ದು ಮುಗಿಸಿ, ಊಟ ಆರ್ತಿದೆ” ಎಂದರು ಆಕೆ, ಭುಜ ಹಿಡಿದುಕೊಂಡೇ. ಮುಲಾಮಿನ ವಾಸನೆ ಕೋಣೆ ತುಂಬಿತ್ತು. ಬರೆಯಲು ಬೆರಳೆತ್ತಿದ ಡಾಕ್ಟರು ಆಕೆಯ ಭುಜದತ್ತ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದರು: “ಸ್ಟೀರಿಂಗ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ನಮ್ಮ ಮನೆಯವರು ಒಂದು ದಿನವೂ ಹೇಳಲಿಲ್ಲ.”