ತಿರುವಿಗೆಲ್ಲ ಹಾರ್ನ್ ಹೊಡೆಯುವ ಅಕ್ಕ

ನಮ್ಮ ಟೈಲ್ಸ್ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವವನು ನಾನು. ನೆಟ್ಟಗೆ ಅಂಟಿಸಿದರೆ ಯಾರೂ ನೋಡುವುದಿಲ್ಲ, ಸೊಟ್ಟಗಾದರೆ ಎಲ್ಲರೂ ನೋಡುತ್ತಾರೆ. ಇಂಥ ಕೆಲಸದಲ್ಲಿ ಹೆಸರು ಮಾಡುವುದು ಹೇಗೆ? ಹಾಗಾಗಿ ಕಂಪನಿಯವರು ವಿಶ್ರಾಂತಿ ಕೋಣೆಗೆ ಕಾರ್ ರೇಸಿನ ವಿಡಿಯೊ ಗೇಮು, ಅದಕ್ಕೊಂದು ಸ್ಟಿಯರಿಂಗು, ಪೆಡಲು, ಗೇರಿನ ಕೋಲು ತಂದು ಕೂರಿಸಿದ ದಿನವೇ ನನ್ನ ಬಾಳಿಗೊಂದು ಗುರಿ ಸಿಕ್ಕಿತು. ಒಂದು ಸುತ್ತಿಗೆ ಯಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಗೋಡೆಯ ಬಿಳಿ ಹಲಗೆಯ ಮೇಲೆ ಬರೆಯುತ್ತಿದ್ದೆವು. ನಾಲ್ಕು ತಿಂಗಳು ಅದರ ತುತ್ತತುದಿಯಲ್ಲಿ ನಾನೇ ಇದ್ದೆ: ಒಂದು ನಿಮಿಷ ನಲವತ್ತೆರಡು ಸೆಕೆಂಡು. ಎಲ್ಲರೂ ನನ್ನನ್ನು ‘ಚಾಂಪಿಯನ್’ ಅನ್ನುತ್ತಿದ್ದರು. ಹಾಳೂರಿಗೆ ಉಳಿದವನೇ ಗೌಡ. ಉಳಿದವರು ಊಟ ಮುಗಿಸಿ ಗೋಡೆಗೊರಗಿ ತೂಕಡಿಸುತ್ತಿದ್ದರು.

ನಿಜ ಹೇಳಿಬಿಡುತ್ತೇನೆ. ಆ ಸಮಯ ನನ್ನೊಬ್ಬನ ಸಂಪಾದನೆಯಲ್ಲ. ಆಟದಲ್ಲಿ ‘ನೆರವು’ ಅಂತ ಒಂದು ಪಟ್ಟಿಯಿದೆ. ಬ್ರೇಕನ್ನು ಹೇಗೆ ತುಳಿದರೂ ಚಕ್ರ ಕಚ್ಚಿಕೊಳ್ಳದಂತೆ ಒಂದು ನೆರವು, ಕಾರು ಜಾರದಂತೆ ಇನ್ನೊಂದು, ಗೇರು ತಾನೇ ಬೀಳುವುದಕ್ಕೆ ಮತ್ತೊಂದು. ತಿರುವಿನಲ್ಲಿ ಸ್ಟಿಯರಿಂಗಿಗೆ ಕೈ ಕೊಡುವುದೂ ಇದೆ. ಸಾಲದ್ದಕ್ಕೆ ರಸ್ತೆಯ ಮೇಲೊಂದು ಬಣ್ಣದ ಗೆರೆ: ಹಸಿರಾದರೆ ಹೋಗು, ಕೆಂಪಾದರೆ ತಡೆ. ನಾನು ಎಲ್ಲವನ್ನೂ ಹಾಕಿಕೊಂಡಿದ್ದೆ. ನನ್ನ ಪಾಲಿಗೆ ಉಳಿದದ್ದು ಕುರ್ಚಿಯ ಮೇಲೆ ಕೂರುವ ಕೆಲಸ. ನಿಜವಾದ ರಸ್ತೆಯಲ್ಲಿ ಲೈಸೆನ್ಸ್ ಪರೀಕ್ಷೆಗೆ ಎರಡು ಸಲ ಹೋಗಿ ಎರಡು ಸಲವೂ ಡುಮ್ಕಿ ಹೊಡೆದವನು ನಾನು.

ಆಗ ಬಂದರು ಅಕ್ಕ.

ಅಕ್ಕ ಅಂದರೆ ನಮ್ಮ ಪೆಟ್ಟಿಗೆ ಎತ್ತಿಡುವ ಗಾಡಿ, ಫೋರ್ಕ್‌ಲಿಫ್ಟ್, ಓಡಿಸುವವರು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಕಸ ಗುಡಿಸಲು ಬಂದವರು. ಊಟದ ಬಿಡುವಿನಲ್ಲಿ ಹಳೇ ಡ್ರೈವರನ ಬೆನ್ನು ಹತ್ತಿ ಗಾಡಿ ಕಲಿತರು. ಆತ ಒಂದು ವರ್ಷ ಒಡೆದ ಟೈಲ್ಸ್ ಮಾತ್ರ ಎತ್ತಿಸಿದನಂತೆ, “ಒಡೆದಿದ್ದು ಇನ್ನೊಂದ್ಸಲ ಒಡೆಯಲ್ಲ” ಅಂತ. ಆಮೇಲೆ ಅವರ ಕೈಯಿಂದ ಒಂದೇ ಒಂದು ಪೆಟ್ಟಿಗೆ ಬಿದ್ದಿಲ್ಲ. ಗಂಡ ಟೈಲರ್, ಅವರೇ ಹೊಲಿದುಕೊಟ್ಟ ನೀಲಿ ಏಪ್ರನ್ನಿನ ಜೇಬಿನಲ್ಲಿ ಅಕ್ಕನ ಕನ್ನಡಕ, ಬಾಚಣಿಗೆ, ಒಂದು ಸೀಮೆಸುಣ್ಣದ ತುಂಡು ಯಾವಾಗಲೂ ಇರುತ್ತವೆ.

ಅಕ್ಕ ಮೊದಲ ಸಲ ಆಟಕ್ಕೆ ಕೂತಾಗ ನಕ್ಕು ನಕ್ಕು ನಮಗೆ ಹೊಟ್ಟೆನೋವು ಬಂತು. ಗೋದಾಮಿನಲ್ಲಿ ಸಾಲು ತಿರುಗುವ ಮುಂಚೆ ಹಾರ್ನ್ ಹೊಡೆಯಬೇಕೆಂಬ ನಿಯಮವಿದೆ. ಅವರು ರೇಸಿನ ಪ್ರತಿ ತಿರುವಿಗೂ ಪೀ ಪೀ ಎಂದು ಹೊಡೆದರು. ಕಾರು ಗೋಡೆಗೆ ತಾಗಿದಾಗ ಹಿಂದಕ್ಕೆ ತೆಗೆಯಲು ಕುರ್ಚಿಯಲ್ಲೇ ಇಡೀ ಮೈ ತಿರುಗಿಸಿ ಬೆನ್ನ ಹಿಂದೆ ನೋಡಿದರು. ಅಲ್ಲಿ ಟೀ ಕುಡಿಯುತ್ತ ನಿಂತಿದ್ದವರೂ ಗಾಬರಿಯಿಂದ ಪಕ್ಕಕ್ಕೆ ಸರಿದರು!

ಒಂದು ವಾರದಲ್ಲಿ ಅವರ ಸಮಯ ಒಂದು ನಲವತ್ತೇಳಕ್ಕೆ ಇಳಿದಾಗ ನನ್ನ ನಗು ನಿಂತಿತು. ಅದೇ ವಾರ ನೋಟೀಸು ಬಂತು: ಎಲ್ಲ ಗೋದಾಮುಗಳಿಂದ ಒಬ್ಬೊಬ್ಬರು ಮುಖ್ಯ ಕಚೇರಿಯ ಸ್ಪರ್ಧೆಗೆ ಬರಬೇಕು, ತಿಂಗಳ ಕೊನೇ ಶನಿವಾರ ಹಲಗೆಯ ತುದಿಯಲ್ಲಿ ಯಾರಿರುತ್ತಾರೋ ಅವರು. ನನಗೆ ಹೋಗಲೇಬೇಕಿತ್ತು. ಒಂದು ಸಲವಾದರೂ ನಾಲ್ಕು ಜನ ನನ್ನನ್ನು ನೋಡಿ ಚಪ್ಪಾಳೆ ತಟ್ಟಬೇಕಿತ್ತು.

ಅಕ್ಕ ಗೊಣಗುತ್ತಿದ್ದರು. “ತಮ್ಮಾ, ಈ ಕಾರು ನನ್ನ ಮಾತು ಕೇಳಲ್ಲ ಕಣೋ. ಪಕ್ಕದಲ್ಲಿ ಯಾರೋ ಕೂತು ನಡುನಡುವೆ ಕೈ ಹಾಕಿದಂಗಾಗತ್ತೆ.”

ಹೊಟ್ಟೆಕಿಚ್ಚಿಗೆ ಬುದ್ಧಿ ಚುರುಕು. “ಅಯ್ಯೋ ಅಕ್ಕ, ನಿಮ್ಮಂಥೋರಿಗೆ ಇದೆಲ್ಲ ಯಾಕೆ? ಒರಿಜಿನಲ್ ಸೆಟ್ಟಿಂಗ್ ಹಾಕ್ಕೊಡ್ತೀನಿ ತಾಳಿ,” ಎಂದೆ. ಅವರ ಖಾತೆಯಲ್ಲಿ ನೆರವೆಲ್ಲ ತೆಗೆದುಹಾಕಿದೆ. ಸ್ಟಿಯರಿಂಗು ಒಂಬೈನೂರು ಡಿಗ್ರಿ, ಅಂದರೆ ನಿಜವಾದ ಗಾಡಿಯ ಹಾಗೆ ಎರಡೂವರೆ ಸುತ್ತು. ರಸ್ತೆಯ ಒದೆತ ಪೂರ್ತಿ ಕೈಗೆ ಬರುವಂತೆ ಮಾಡಿದೆ. ನಾನು ಒಮ್ಮೆ ಹಾಗೆ ಆಡಲು ಹೋಗಿ ಮೊದಲ ತಿರುವಿನಲ್ಲೇ ಬುಗುರಿಯಾಗಿದ್ದೆ.

ಆ ದಿನ ಅಕ್ಕನೂ ಬುಗುರಿಯಾದರು. ಎರಡು ನಿಮಿಷ ಇಪ್ಪತ್ತು ಸೆಕೆಂಡು. ನಾನು ಮನೆಗೆ ಹೋಗಿ ಎರಡು ತುತ್ತು ಹೆಚ್ಚಿಗೆ ಉಂಡೆ. “ಏನೋ ಇವತ್ತು, ಸಂಬಳ ಹೆಚ್ಚಾಯ್ತಾ?” ಎಂದರು ಅಮ್ಮ.

ಆದರೆ ಮರುದಿನ ಎರಡು ಐದು. ಅದರ ಮರುದಿನ ಒಂದು ಐವತ್ತೆರಡು. ನಾನು ಪಕ್ಕದಲ್ಲಿ ನಿಂತು, ಕಲಿಸುವವನ ಮುಖ ಹಾಕಿಕೊಂಡು, ಕಳ್ಳನ ಹಾಗೆ ನೋಡುತ್ತಿದ್ದೆ. ಅವರು ಬ್ರೇಕನ್ನು ತುಳಿಯುತ್ತಿರಲಿಲ್ಲ, ಒತ್ತುತ್ತಿದ್ದರು. ಅದೂ ತಿರುವಿಗೆ ಮುಂಚೆ, ಕಾರು ನೇರವಾಗಿರುವಾಗಲೇ. ಟೈಲ್ಸ್ ಹೊತ್ತ ಗಾಡಿಯನ್ನು ತಿರುವಿನಲ್ಲಿ ತಡೆದರೆ ಪೆಟ್ಟಿಗೆ ಉದುರುತ್ತವಲ್ಲ!

“ಅಕ್ಕ, ಜಾರೋದು ನಿಮಗೆ ಹೇಗೆ ಮೊದಲೇ ಗೊತ್ತಾಗತ್ತೆ?” ತಡೆಯಲಾರದೆ ಕೇಳಿದೆ.

“ಸ್ಟಿಯರಿಂಗು ಕೈಯಲ್ಲಿ ಹಗುರ ಆಗತ್ತೆ ನೋಡು, ಅಲ್ಲಿಗೆ ಟೈರು ಹಿಡಿತ ಬಿಡ್ತಿದೆ ಅಂತ. ಲೋಡ್ ಜಾಸ್ತಿ ಆದ್ರೆ ನನ್ನ ಗಾಡೀನೂ ಹಂಗೇ ಹೇಳತ್ತೆ. ನೀನು ಹಾಕ್ಕೊಟ್ಟಿದ್ದು ತುಂಬಾ ಚೆನ್ನಾಗಿದೆ ಕಣೋ ತಮ್ಮ.”

ಈ ಮೆಚ್ಚುಗೆಗಿಂತ ಎರಡೇಟು ಬಿಗಿದಿದ್ದರೆ ವಾಸಿಯಿತ್ತು.

ಆ ಕೊನೇ ಶನಿವಾರ ಅಕ್ಕ ಒಂದು ನಲವತ್ತು ಹೊಡೆದರು, ಹಾರ್ನ್ ಸಮೇತ. ನಾನು ಊಟ ಬಿಟ್ಟು ಒಂಬತ್ತು ಸಲ ಓಡಿಸಿದೆ. ಒಂಬತ್ತು ಸಲವೂ ನಲವತ್ತೆರಡರ ಆಚೀಚೆ. ನನ್ನ ನೆರವುಗಳು ಬೀಳದ ಹಾಗೆ ಹಿಡಿದುಕೊಂಡಿದ್ದವು, ಓಡದ ಹಾಗೆಯೂ ಹಿಡಿದುಕೊಂಡಿದ್ದವು. ಸೂಪರ್‌ವೈಸರ್ ಹಲಗೆಯಲ್ಲಿ ನನ್ನನ್ನು ಒರೆಸಿ ಕೆಳಗೆ ಬರೆದರು. “ಚಾಂಪಿಯನ್, ನೀನೂ ಜೊತೆಗೆ ಹೋಗಪ್ಪ. ಸೆಟ್ಟಿಂಗ್ ಎಲ್ಲ ನೀನೇ ಹಾಕಿದ್ದಂತೆ, ಅಕ್ಕ ಹೇಳಿದ್ರು.”

ಹೋದೆ. ಮದುವೆ ಗಂಡಿನ ಪಕ್ಕ ಕೊಡೆ ಹಿಡಿಯುವವನ ಹಾಗೆ.

ಸ್ಪರ್ಧೆಯ ಕೋಣೆಯಲ್ಲಿ ಎಲ್ಲರಿಗೂ ಎರಡು ಸುತ್ತು ಅಭ್ಯಾಸ. ಅಕ್ಕನ ಕಾರು ಮೊದಲ ತಿರುವಿಗೇ ಅತ್ತಿತ್ತ ಹಾರಿತು. “ತಮ್ಮಾ, ಏನಿದು? ಒಂಚೂರು ತಿರುಗಿಸಿದ್ರೆ ಸೈಕಲ್ ಹ್ಯಾಂಡಲ್ ಥರ ಎಗರತ್ತೆ!” ನನಗೆ ತಕ್ಷಣ ಗೊತ್ತಾಯಿತು. ಇಲ್ಲಿಯ ಸ್ಟಿಯರಿಂಗು ಇನ್ನೂರೆಪ್ಪತ್ತು ಡಿಗ್ರಿಗಿತ್ತು. ಮುಕ್ಕಾಲು ಸುತ್ತಿಗೇ ಮುಗಿದುಹೋಗುವಂಥದ್ದು.

ನಾನು ಸುಮ್ಮನಿದ್ದೆ. ಹೌದು, ಸುಮ್ಮನಿದ್ದೆ. ಇಡೀ ಒಂದು ಸುತ್ತು ಅಕ್ಕ ಗೋಡೆಗಳನ್ನು ಹುಡುಕಿ ಹುಡುಕಿ ಗುದ್ದುವುದನ್ನು ನೋಡುತ್ತ, ತುಟಿ ಬಿಗಿದುಕೊಂಡು, ಎದೆಯೊಳಗೆ ಸಣ್ಣಗೆ ತಂಪಾಗುತ್ತಿರುವುದನ್ನು ಅನುಭವಿಸುತ್ತ ನಿಂತಿದ್ದೆ.

ಅಷ್ಟರಲ್ಲಿ ಅಲ್ಲಿಯ ಉಸ್ತುವಾರಿಯವನು ಟೈ ಸರಿಮಾಡಿಕೊಳ್ಳುತ್ತ ಬಂದ. “ಎಲ್ಲ ಪಕ್ಕಾ ರಿಯಲಿಸ್ಟಿಕ್ಕೇ ಇದೆ ಮೇಡಂ. ಅಭ್ಯಾಸ ಇಲ್ಲದೋರಿಗೆ ಸ್ವಲ್ಪ ಕಷ್ಟ.”

ರಿಯಲಿಸ್ಟಿಕ್ಕಂತೆ! ಹೊಟ್ಟೆಕಿಚ್ಚಿಗಿಂತ ದೊಡ್ಡ ಕಾಯಿಲೆಯೊಂದು ನನಗಿದೆ ಎಂದು ಆಗ ತಿಳಿಯಿತು: ನನಗಿಂತ ಕಡಿಮೆ ಗೊತ್ತಿರುವವನು ನನ್ನೆದುರು ಪಂಡಿತನಾಗುವುದನ್ನು ಸಹಿಸಲಾರೆ. “ಏನ್ ಸಾರ್ ರಿಯಲಿಸ್ಟಿಕ್ಕು? ಇನ್ನೂರೆಪ್ಪತ್ತರಲ್ಲಿದೆ. ಇದು ಆಟಿಕೆ ಸೆಟ್ಟಿಂಗ್. ಒಂಬೈನೂರಕ್ಕೆ ಹಾಕಿ!” ನನ್ನ ಬಾಯಿ ನನ್ನನ್ನು ಕೇಳದೆಯೇ ಕೂಗಿತು. ಅವನು ತಡಕಾಡಿದ. ಕೊನೆಗೆ ನಾನೇ ಹಾಕಿದೆ.

ಅಕ್ಕ ಎರಡನೇ ಸ್ಥಾನ ಗೆದ್ದರು. ಕಚೇರಿಯವರು ಬಹುಮಾನದ ಫಲಕದ ಜೊತೆ ಮೈಕನ್ನೂ ಕೊಟ್ಟು, ಯಾರು ಕಲಿಸಿದರು ಎಂದು ಕೇಳಿದರು. ಅಕ್ಕ ನನ್ನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಮರ್ಯಾದೆಯಿದ್ದವನು ತಲೆ ತಗ್ಗಿಸುತ್ತಿದ್ದ. ನಾನು ಎದ್ದು ನಿಂತು ಎರಡೂ ದಿಕ್ಕಿಗೆ ಕೈ ಮುಗಿದೆ. ಮುಗಿಯುತ್ತಿರುವಾಗಲೂ ನನ್ನ ಕಣ್ಣು ಅಕ್ಕನ ಕೈಯಲ್ಲಿದ್ದ ಫಲಕದ ಮೇಲೇ ಇತ್ತು.

ವಾಪಸ್ ಬರುವಾಗ ವ್ಯಾನಿನಲ್ಲಿ ಅಕ್ಕ ಅದನ್ನು ಏಪ್ರನ್ನಿನ ತುದಿಯಿಂದ ಒರೆಸುತ್ತ ಕೂತಿದ್ದರು. ಒರೆಸುತ್ತಲೇ ಹೇಳಿದರು:

“ಮುಂದಿನ ವರ್ಷ ನೀನು ಹೋಗು ತಮ್ಮ. ನಿನಗೆ ಸೆಟ್ಟಿಂಗ್ ನಾನು ಹಾಕ್ಕೊಡ್ತೀನಿ. ಒರಿಜಿನಲ್ಲು.”

“ಅಯ್ಯೋ, ಬೇಡ ಅಕ್ಕ,” ಎಂದೆ.

ಅಕ್ಕ ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಗೋದಾಮು ಬರುವವರೆಗೂ ಆ ನಗು ನಿಲ್ಲಲಿಲ್ಲ.