ತಿರ್ಜಾಳ ನಾಲ್ಕು ಮಗ್ಗ

ನಮ್ಮ ಥೋರ್ಸ್‌ಡೀನಿನ ಗಿರಣಿ, ಪ್ರಾರ್ಥನಾ ಮಂದಿರ, ಶಾಲೆ, ಹದಿನೆಂಟು ಮನೆಗಳ ಸಾಲು, ಎಲ್ಲವನ್ನೂ ಕಟ್ಟಿಸಿದ್ದು ಒಬ್ಬನೇ ಯಜಮಾನ. ಈಗ ಪೇಟೆಯವರು ಬಂದು ಆ ಕಲ್ಲುಗೋಡೆಗಳನ್ನು ಸವರಿ, "ಎಷ್ಟು ಚಂದ!" ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಏಳನೇ ಮನೆಯಲ್ಲಿ ತಿರ್ಜಾ ಆರ್ಮರಾಡ್ ಇದ್ದಳು.

ಮನೆ ಗಿರಣಿಯದು. ಮನೆಯವರೊಬ್ಬರು ಮಗ್ಗದ ಮುಂದೆ ನಿಂತಿರುವಷ್ಟು ದಿನ ಮಾತ್ರ ನಮ್ಮದು. ತಿರ್ಜಾಳ ಗಂಡ ಸೆತ್ ಮೂವತ್ತು ವರ್ಷ ಹತ್ತಿಯ ಧೂಳು ನುಂಗಿ, ಎದೆ ಕಟ್ಟಿ, ಒಲೆಯ ಪಕ್ಕದ ಕುರ್ಚಿ ಹಿಡಿದಿದ್ದ. ಮಕ್ಕಳಿರಲಿಲ್ಲ. ಇಬ್ಬರ ತಲೆಯ ಮೇಲಿನ ಸೂರು ನಿಂತದ್ದು ಅವಳ ನಾಲ್ಕು ಮಗ್ಗಗಳಿಂದ. ಅದು ತಪ್ಪಿದರೆ ಗುಡ್ಡದಾಚೆಯ ಬಡವರ ವಸತಿಯೇ ಗತಿ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಗೋಡೆ.

ದೊಡ್ಡ ಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾತು. ಮುನ್ನೂರು ಮಗ್ಗಗಳ ಗದ್ದಲದಲ್ಲಿ ಕಿವಿ ಇದ್ದೂ ಇಲ್ಲದಂತೆ. ನಾವು ಹೆಂಗಸರು ದನಿ ತೆಗೆಯದೆ, ತುಟಿ ಮಾತ್ರ ಆಡಿಸಿ, ಒಬ್ಬರ ತುಟಿ ಒಬ್ಬರು ಓದಿ, ಈ ಮೂಲೆಯಿಂದ ಆ ಮೂಲೆಗೆ ಹರಟುತ್ತಿದ್ದೆವು. ಮೇಲಿನವರನ್ನು ಅವರ ಎದುರೇ ಆಡಿಕೊಳ್ಳುತ್ತಿದ್ದೆವು. ಅವರಿಗೇನು ತಿಳಿದೀತು ಎಂಬ ಸೊಕ್ಕು.

ಒಂದು ಭಾನುವಾರ ಪಾದ್ರಿ ಉಪದೇಶ ಮಾಡುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ತಿರ್ಜಾ ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ತುಟಿ ಆಡಿಸಿದಳು.

"ಹೆಟ್ಟಿ, ನಂಗೆ ನೂಲು ಕಾಣ್ತಿಲ್ಲ ಕಣೇ. ಚಳಿಗಾಲದಿಂದ ಬರೀ ಬೆರಳಲ್ಲೇ ಮುಟ್ಟಿ ಮುಟ್ಟಿ ನೇಯ್ತಿದೀನಿ."

"ಬಾಯ್ಮುಚ್ಚೇ ಹುಚ್ಚಿ! ಸೆತ್‌ಗೆ ಗೊತ್ತಾ?"

"ಗೊತ್ತಾದ್ರೆ ಇರೋ ಒಂದಿಷ್ಟು ಉಸಿರೂ ನಿಲ್ಸಿಬಿಡ್ತಾನೆ. ಯಾರಿಗೂ ಹೇಳ್ಬೇಡ, ನಿನ್ ಕಾಲ್ ಹಿಡ್ಕೋತೀನಿ."

ನಮ್ಮತ್ತ ಮುಖ ಮಾಡಿದ ಎದುರು ಬೆಂಚಿನಲ್ಲಿ ಗಿರಣಿಯ ಹೊಸ ಮ್ಯಾನೇಜರ್ ಸಟ್‌ಕ್ಲಿಫ್ ಹಾಡಿನ ಪುಸ್ತಕ ತೆರೆದು ಕೂತಿದ್ದ. ಅವನ ತಾಯಿಯೂ ನೇಯುವವಳೇ, ಅವನು ಮಗ್ಗದ ಕೆಳಗಿನ ಬುಟ್ಟಿಯಲ್ಲಿ ಬೆಳೆದವನು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮಗ್ಗಗಳ ಸಾಲಿನ ತುದಿಗೆ ಬಂದು ನಿಂತ. ತಿರ್ಜಾಳಿಗೆ ನೇರವಾಗಿ ಮುಖ ಮಾಡಿ, ದನಿಯಿಲ್ಲದೆ, ಬಿಡಿಸಿ ಬಿಡಿಸಿ ತುಟಿ ಆಡಿಸಿದ.

"ತಿರ್ಜಾ, ನಿನ್ ಗಂಡ ಸತ್ತೋದ. ಮನೆಗೆ ಹೋಗು."

ಇಡೀ ಸಾಲಿನ ಹೆಂಗಸರ ಕೈ ನಿಂತಿತು. ತಿರ್ಜಾ ಮಾತ್ರ, ಸಾಹೇಬರು ನಮಸ್ಕಾರ ಹೇಳಿದರೆಂದುಕೊಂಡು, ತಲೆಬಾಗಿಸಿ ಚೆಂದವಾಗಿ ನಕ್ಕಳು.

ನಾನು ಅವಳಿಂದ ಎರಡು ಮಗ್ಗ ಆಚೆ ಇದ್ದೆ. ಅವಳು ನಗುವ ಮುಂಚೆ ಓಡಿಹೋಗಿ ಕೈ ಹಿಡಿದಿದ್ದರೆ ಸಾಕಿತ್ತು. ಆದರೆ ಸಟ್‌ಕ್ಲಿಫ್ ಆಗಲೇ ನನ್ನತ್ತ ತಿರುಗಿ, ಅಲ್ಲೇ ಇರು ಎಂಬಂತೆ ಒಂದು ಬೆರಳೆತ್ತಿದ್ದ. ನನಗೂ ಅದೇ ಸಾಲಿನಲ್ಲಿ ಮನೆ ಇತ್ತು, ಹಾಸಿಗೆ ಹಿಡಿದ ಅಮ್ಮ ಇದ್ದಳು. ನಾನು ನಿಂತಲ್ಲೇ ನಿಂತೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಸೆತ್ ಸತ್ತಿರಲಿಲ್ಲ. ಅವನು ಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದ. ಕಣ್ಣು ಕಾಣದವಳಿಗೆ ಮಗ್ಗವಿಲ್ಲ, ಶನಿವಾರದೊಳಗೆ ಮನೆ ಖಾಲಿಯಾಗಬೇಕೆಂದು ಮಧ್ಯಾಹ್ನವೇ ಅಪ್ಪಣೆ ಬಂತು. ತಿರ್ಜಾ ಕಚೇರಿಗೆ ಹೋಗಿ, ನೆಲ ಗುಡಿಸುತ್ತೇನೆ, ಪಾಯಿಖಾನೆ ತೊಳೆಯುತ್ತೇನೆ ಎಂದು ಅಂಗಲಾಚಿದಳು. ಗುಡಿಸುವವರು ಮನೆಯ ಲೆಕ್ಕಕ್ಕೆ ಬರುವುದಿಲ್ಲವಂತೆ.

ಶನಿವಾರ ಬಡವರ ವಸತಿಯ ಗಾಡಿ ಬಂತು. ಸೆತ್‌ನನ್ನು ಮೊದಲು ಹತ್ತಿಸಿದರು. ಅವನು ಹೆಂಡತಿಯ ಶಾಲಿನ ತುದಿ ಬಿಡಲೇ ಇಲ್ಲ, ಮಗುವಿನ ಬೆರಳು ಬಿಡಿಸಿದಂತೆ ಒಂದೊಂದಾಗಿ ಬಿಡಿಸಬೇಕಾಯಿತು. ತಿರ್ಜಾ ತಡವರಿಸುತ್ತ ನನ್ನ ಬಳಿಗೆ ಬಂದಳು.

"ಅವತ್ತು ಅವ್ನು ಏನಂದ ಅಂತ ಎಲ್ಲರೂ ಹೇಳಿದ್ರು ಕಣೇ. ನೀ ಅಲ್ಲೇ ಇದ್ಯಲ್ಲ. ಯಾಕೇ ಬಂದು ಮುಟ್ಲಿಲ್ಲ?"

"ನಂಗೂ ಮನೆ ಬೇಕಿತ್ತಲ್ಲೇ" ಎಂದೆ. ತುಟಿ ಆಡಿತಷ್ಟೇ, ದನಿ ಹೊರಡಲಿಲ್ಲ. ಗಾಡಿಯವನು ಕೂಗುವವರೆಗೂ ಅವಳು ನನ್ನ ಮುಖದತ್ತ ಕತ್ತು ಚಾಚಿ, ಉತ್ತರಕ್ಕಾಗಿ ಕಾಯುತ್ತಲೇ ನಿಂತಿದ್ದಳು.